ಮದ್ದಿನ ಹೆಸರು

ಫೆಬ್ರವರಿ 3, ಸೋಮವಾರ

ಹೊಸ ನೋಟುಪುಸ್ತಕ. ಗೆರೆ ಹಾಕಿದ್ದು ಎಂದು ಅಂಗಡಿಯವನು ಕೊಟ್ಟ. ಗೆರೆಗಳು ಇವೆಯೋ ಇಲ್ಲವೋ ಎಂಬಷ್ಟು ಮಾಸಲಾಗಿವೆ. ಈಗಿನ ಮುದ್ರಣಾಲಯದವರಿಗೆ ಶಾಯಿಯಲ್ಲೂ ಜಿಪುಣತನ. ಮೂವತ್ತನಾಲ್ಕು ವರ್ಷ ಕರಡು ತಿದ್ದಿ ನಿವೃತ್ತನಾದವನ ಕಣ್ಣು ನನ್ನದು, ಇಂಥ ದೋಷ ಬೇಡವೆಂದರೂ ಕಣ್ಣಿಗೆ ಬೀಳುತ್ತದೆ.

ಬರೆಯಲು ಕೂತದ್ದು ಹೊಟ್ಟೆಯುರಿಗೆ. ನಿನ್ನೆ ಕ್ಲಬ್ಬಿನ ಮೈದಾನದಲ್ಲಿ ಐದು ಗುಂಡು ಹಾರಿಸಿ ಐವತ್ತಕ್ಕೆ ಹದಿನೇಳು ತೆಗೆದೆ. ಪಕ್ಕದಲ್ಲಿ ನನ್ನ ಭಾಮೈದ ನಲವತ್ತೆರಡು ತೆಗೆದು, ಬೆರಳಿಗೆ ಚೂರೂ ಮಸಿ ಮೆತ್ತಿಕೊಳ್ಳದೆ ನಿಂತಿದ್ದ. ಅವನ ಕೋವಿಯೂ ನನ್ನದರಷ್ಟೇ ಹಳೆಯದು, ಒಂದು ಸಲಕ್ಕೆ ಒಂದೇ ತೋಟಾ ಹಾಕುವಂಥದ್ದು. ಆದರೆ ಅವನು ತೋಟಾಕ್ಕೆ ತುಂಬುವುದು ಹೊಗೆಯಿಲ್ಲದ ಮದ್ದು. ನಾನು ಮೂವತ್ತು ವರ್ಷದಿಂದ ಕರಿಮದ್ದಿನವನು. ಕರಿಮದ್ದು ಎಂದರೆ ಒಂದೊಂದು ಗುಂಡಿಗೂ ಒಂದು ಮೋಡ, ಕೊಳೆತ ಮೊಟ್ಟೆಯ ವಾಸನೆ, ಮನೆಗೆ ಬಂದ ಮೇಲೆ ನಳಿಗೆಗೆ ಸೋಪಿನ ಬಿಸಿನೀರಿನ ಸ್ನಾನ. ಹಳೇ ಕೋವಿಗೆ ಅದೇ ಮರ್ಯಾದೆ ಎಂದು ನಂಬಿದವನು ನಾನು.

"ಕೋವಿ ಭಾರ ಆಗ್ತಿದ್ರೆ ಹೇಳಿ ಭಾವ," ಎಂದು ಅವನು ಹಲ್ಲು ಕಿರಿದ. ಅದರ ಹಿಂದೊಂದು ಕಥೆಯಿದೆ. ನನ್ನ ಕೋವಿ ಮಾವನವರದು. ಸ್ವಂತ ಮಗನನ್ನು ಬಿಟ್ಟು ಅಳಿಯನ ಕೈಗೆ ಕೊಟ್ಟರು, ಒಂದು ಮಾತಿನ ಮೇಲೆ: "ನಿಮಗೆ ಗುರಿ ಕಾಣದ ದಿನ ಇದನ್ನ ಹುಡುಗನಿಗೆ ಕೊಟ್ಟುಬಿಡಿ." ಆ ಹುಡುಗನಿಗೆ ಈಗ ಐವತ್ತೆಂಟು. ಇನ್ನೂ ಕಾಯುತ್ತಿದ್ದಾನೆ.

ಕಾಯಲಿ. ತಪ್ಪು ನನ್ನದಲ್ಲ, ಹೊಗೆಯದು. ಮೊದಲ ಗುಂಡಿನ ಹೊಗೆ ಐದನೆಯದು ಮುಗಿದರೂ ಕದಲುವುದಿಲ್ಲ. ನಿನ್ನೆಯಂತೂ ಮೊದಲ ಗುಂಡಿಗೆ ಮುಂಚೆಯೇ ಇತ್ತು. ಪಕ್ಕದವರ ಹೊಗೆ ಇರಬೇಕು. ಪಕ್ಕದಲ್ಲಿದ್ದವನು ಭಾಮೈದ, ಅವನದು ಹೊಗೆಯಿಲ್ಲದ ಮದ್ದು, ಅದು ಬೇರೆ ವಿಷಯ.

ಮಾರ್ಚ್ 23ಕ್ಕೆ ಹಳೇ ಕೋವಿಗಳ ವಾರ್ಷಿಕ ಸ್ಪರ್ಧೆ. ಮದ್ದು ಬದಲಾಯಿಸುವ ಯೋಚನೆ ಬಂದಿದೆ. ಈ ಪುಸ್ತಕ ಬಿಟ್ಟು ಯಾರಿಗೂ ಹೇಳಿಲ್ಲ.

ಫೆಬ್ರವರಿ 8, ಶನಿವಾರ

ಬಂದೂಕು ಮೇಸ್ತ್ರಿಯ ಅಂಗಡಿಗೆ ಹೋಗಿದ್ದೆ. ಒಂದೇ ಕೋಣೆ, ಕಿಟಕಿಯ ಕೆಳಗೆ ಉದ್ದ ಮೇಜು, ಮೇಜಿನ ತುದಿಗೆ ಕಬ್ಬಿಣದ ಹಿಡಿಕೆ, ಎಲ್ಲದಕ್ಕೂ ಎಣ್ಣೆಯ ಹೊಳಪು. ಮೇಸ್ತ್ರಿ ಕೋವಿಗಳನ್ನು ಹಸುಗೂಸಿನಂತೆ ಎತ್ತುತ್ತಾನೆ, ಮನುಷ್ಯರ ಜೊತೆ ಮಾತ್ರ ಒರಟು. ನಳಿಗೆಗೆ ಬೆಳಕು ಬಿಟ್ಟು ಈ ತುದಿಯಿಂದ ನೋಡಿದ, ಆ ತುದಿಯಿಂದ ನೋಡಿದ, ಅಳೆದ, ತಟ್ಟಿ ಕಿವಿಗೊಟ್ಟ.

"ಇದು ಕರಿಮದ್ದಿಗೇ ಹುಟ್ಟಿದ ನಳಿಗೆ ಸಾರ್. ಕರಿಮದ್ದು ಗುಂಡನ್ನ ತಳ್ಳುತ್ತೆ. ನಿಮ್ಮ ಈ ಹೊಸದು ಒದೆಯುತ್ತೆ."

"ಹೊಸದು ಅಂದ್ರೆ ನೂರು ವರ್ಷದ ಮೇಲಾಯ್ತಲ್ಲಯ್ಯ, ಅದು ಬಂದು!"

"ಆಗಿರಬಹುದು. ಇಂಥ ನಳಿಗೆಗೆ ಅದು ಇನ್ನೂ ಹೊಸ ಸೊಸೆಯೇ." ಕೊನೆಗೆ ಒಪ್ಪಿದ. ನಳಿಗೆ ಗಟ್ಟಿಯಿದೆ, ತಾನು ಹೇಳಿದ ಮದ್ದನ್ನು ತಾನು ಹೇಳಿದ ಸಣ್ಣ ಅಳತೆಯಲ್ಲಿ ಹಾಕುವುದಾದರೆ ಸರಿ, ಮೊದಲ ಹತ್ತು ತೋಟಾ ತಾನೇ ತುಂಬಿಕೊಡುತ್ತೇನೆ ಎಂದ. ಆಮೇಲೆ ನನ್ನ ಮೂಗಿನ ಹತ್ತಿರ ಬೆರಳು ತಂದು ಹೇಳಿದ:

"ಕರಿಮದ್ದು ತೋಟಾದ ತುಂಬ ಹಿಡಿಸುತ್ತೆ. ಎರಡನೇ ಸಲ ಹಾಕೋಣ ಅಂದ್ರೂ ಜಾಗ ಇರಲ್ಲ, ಚೆಲ್ಲಿಹೋಗುತ್ತೆ. ಇದು ಹಾಗಲ್ಲ. ತಳದಲ್ಲಿ ಇಷ್ಟೇ ಇಷ್ಟು ಇರುತ್ತೆ, ಮೇಲೆಲ್ಲ ಖಾಲಿ. ಮರೆತು ಎರಡು ಸಲ ಹಾಕಿದ್ರೂ ತೋಟಾ ಬೇಡ ಅನ್ನಲ್ಲ. ಕೋವಿ ಒಡೆದು ಮುಖಕ್ಕೆ ಬರುತ್ತೆ. ಪ್ರತಿಯೊಂದರೊಳಗೂ ಇಣುಕಿ ನೋಡಿಯೇ ಗುಂಡು ಕೂರಿಸಬೇಕು, ಗೊತ್ತಾಯ್ತಾ?"

ಕರಡು ತಿದ್ದುವವನಿಗೆ ಇಣುಕಿ ನೋಡುವುದನ್ನು ಹೇಳಿಕೊಡುತ್ತಾನೆ!

ಮನೆಯಲ್ಲಿ ಹೆಂಡತಿಗೆ ಹೇಳಿದೆ. ಅಂಗಿಗೆ ಮಸಿ ತಾಗದಿರಲಿ, ನಿನಗೆ ಒಗೆಯುವ ಕಷ್ಟ ತಪ್ಪಲಿ ಎಂದು ಮದ್ದು ಬದಲಾಯಿಸುತ್ತಿದ್ದೇನೆ ಎಂದೆ. ಇವಳು ಪಾತ್ರೆ ಒರೆಸುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. "ಮೂವತ್ತು ವರ್ಷ ಆದ್ಮೇಲೆ ನನ್ನ ಕೈ ನೆನಪಾಯ್ತಾ?" ಎಂದಳು. ಇವರಿಗೆ ಒಳ್ಳೆಯದು ಮಾಡಿದರೂ ಕಷ್ಟ.

ಫೆಬ್ರವರಿ 12, ಬುಧವಾರ

ಇವತ್ತು ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ಪಕ್ಕದ ಮನೆಗೆ ಹೊಸದಾಗಿ ಬಂದಿರುವ ನಿವೃತ್ತ ನರ್ಸಮ್ಮ ಅರ್ಧ ಡಜನ್ ಕಿತ್ತಳೆ ಹಿಡಿದು ಬಂದರು. ಕುರ್ಚಿಯ ತುದಿಯಲ್ಲಿ ಕೂತು, ಧ್ವನಿ ತಗ್ಗಿಸಿ, "ನಿಮ್ಮ ಮನೆಯವರು ಹೇಳಿದ್ರು. ಮೂವತ್ತು ವರ್ಷದಿಂದ ತಗೋತಿದ್ದ ಮದ್ದು ಬಿಟ್ಟು ಬೇರೆ ಮದ್ದಿಗೆ ಹೋಗ್ತಿದ್ದೀರಂತೆ. ಡಾಕ್ಟರು ಹೇಳಿದ್ರಾ?" ಎಂದರು.

"ಇಲ್ಲಮ್ಮ, ಮೇಸ್ತ್ರಿ ಹೇಳಿದ."

"ಮೇಸ್ತ್ರಿ ಮಾತು ಕೇಳ್ಕೊಂಡು ಮದ್ದು ಬದಲಾಯಿಸ್ತೀರಾ? ಎಷ್ಟು ತಗೋತೀರಿ ದಿನಕ್ಕೆ?"

"ಭಾನುವಾರ ಮಾತ್ರ. ಐದು."

ಇವಳು ಅಡುಗೆಮನೆಯ ಬಾಗಿಲಲ್ಲಿ ಸೆರಗು ಬಾಯಿಗೆ ತುರುಕಿಕೊಂಡು ಕುಲುಕುತ್ತಿದ್ದಳು. ಕೋವಿ ತೋರಿಸಿದ ಮೇಲೆಯೇ ನರ್ಸಮ್ಮನಿಗೆ ಸಮಾಧಾನವಾದದ್ದು, ಅಥವಾ ಹೆದರಿಕೆ ಹೆಚ್ಚಾದದ್ದು. ಹೋಗುವಾಗ ನನ್ನ ಮುಖವನ್ನು ಬೆಳಕಿಗೆ ತಿರುಗಿಸಿ, "ಬಲಗಣ್ಣು ಯಾವತ್ತು ತೋರಿಸಿದ್ರಿ?" ಎಂದು ಕೇಳಿದರು. ನರ್ಸುಗಳಿಗೆ ನಿವೃತ್ತಿಯಾದರೂ ಚಟ ಹೋಗುವುದಿಲ್ಲ. ಕಿತ್ತಳೆ ಸಿಹಿಯಾಗಿದ್ದವು.

ಫೆಬ್ರವರಿ 16, ಭಾನುವಾರ

ಕ್ಲಬ್ಬಿನ ಫಲಕದಲ್ಲಿ ಸ್ಪರ್ಧೆಯ ಪ್ರಕಟಣೆ ಬಂದಿದೆ. ಓದಿದವನೇ ದಂಗಾಗಿ ನಿಂತೆ. "ಪ್ರತಿಯೊಬ್ಬ ಸ್ಪರ್ಧಿಯೂ ತನ್ನ ಮುದ್ದಿನ ಹೆಸರನ್ನು ನಮೂನೆಯಲ್ಲಿ ತಪ್ಪದೆ ನಮೂದಿಸತಕ್ಕದ್ದು." ಮದ್ದಿಗೆ ಕೊಂಬು ಕೊಟ್ಟು ಮುದ್ದು ಮಾಡಿಟ್ಟಿದ್ದಾರೆ! ಅರವತ್ತು ದಾಟಿದ ಗಂಡಸರೆಲ್ಲ ಸಾಲಾಗಿ ನಿಂತು ಪಾಪು, ಪುಟ್ಟ ಎಂದು ಬರೆಯಬೇಕಂತೆ.

ನನ್ನ ಜೇಬಿನಲ್ಲಿ ಕೆಂಪು ಪೆನ್ಸಿಲ್ ಈಗಲೂ ಇರುತ್ತದೆ. ಆ ಕೊಂಬನ್ನು ಹೊಡೆದುಹಾಕಿ ಅಂಚಿನಲ್ಲಿ ಗುರುತು ಹಾಕಿದೆ. ನಮೂನೆಯಲ್ಲೂ ಅದೇ ತಪ್ಪು. ಕಾರ್ಯದರ್ಶಿಗೆ ಬುದ್ಧಿ ಬರಲಿ ಎಂದು, ಕೇಳಿದ ಜಾಗದಲ್ಲಿ ನನ್ನ ಅಮ್ಮ ನನ್ನನ್ನು ಕರೆಯುತ್ತಿದ್ದ ಹೆಸರನ್ನೇ ದೊಡ್ಡದಾಗಿ ಬರೆದೆ: ಗುಂಡು. ಸಹಿ ಹಾಕಿ ಕೊಟ್ಟು ಬಂದೆ.

ಅಂಕದ ವಿಷಯ ಇವತ್ತು ಬರೆಯುವುದಿಲ್ಲ. ಕರಿಮದ್ದಿನ ಕೊನೆಯ ಭಾನುವಾರ, ಹೊಗೆ ವಿಪರೀತ.

ಫೆಬ್ರವರಿ 19, ಬುಧವಾರ

ಕಾರ್ಯದರ್ಶಿಯ ಫೋನು. "ಸ್ವಾಮಿ, ಮದ್ದು ಯಾವುದು ಅಂತ ಕೇಳಿದ್ರೆ ಗುಂಡು ಅಂತ ಬರೆದಿದ್ದೀರಲ್ಲ. ಗುಂಡು ಎಲ್ಲರೂ ಹಾಕ್ತಾರೆ. ಮದ್ದು ಕರಿಯದ್ದೋ, ಹೊಗೆಯಿಲ್ಲದ್ದೋ?"

ನೀವು ಕೇಳಿದ್ದು ಮುದ್ದಿನ ಹೆಸರು ಎಂದೆ. ನಾನು ಯಾಕ್ರೀ ನಿಮ್ಮನ್ನ ಮುದ್ದಿನ ಹೆಸರು ಕೇಳಲಿ ಎಂದರು. ಕೊಂಬು ಇತ್ತು ಎಂದೆ. ಇರಲಿಲ್ಲ ಎಂದರು. ಜೊತೆಗೆ, ಯಾವನೋ ತಲೆಹರಟೆ ಫಲಕದ ಪ್ರಕಟಣೆಯ ಮೇಲೆ ಕೆಂಪು ಗೀಟು ಎಳೆದಿದ್ದಾನೆ ಎಂದು ಬೈದರು. ನಾನು ಆ ತಲೆಹರಟೆಯನ್ನು ಸಮರ್ಥಿಸಿಕೊಳ್ಳಲು ಹೋಗಲಿಲ್ಲ.

ಹೊಗೆಯಿಲ್ಲದ್ದು ಎಂದು ಬರೆಸಿದೆ. ಭಾಮೈದನಿಗೆ ಸುದ್ದಿ ಮುಟ್ಟಲು ಅರ್ಧ ಗಂಟೆ ಸಾಕಾಯಿತು. "ಕೊನೆಗೂ ದಾರಿಗೆ ಬಂದ್ರಿ ಭಾವ!" ಎಂದು ಫೋನಿನಲ್ಲೇ ಮೀಸೆ ತಿರುವಿದ.

ಫೆಬ್ರವರಿ 23, ಭಾನುವಾರ

ಇದನ್ನು ಬರೆಯಲೋ ಬೇಡವೋ ಎಂದು ಎರಡು ಸಲ ಪೆನ್ನಿನ ಮುಚ್ಚಳ ಹಾಕಿ ತೆಗೆದೆ.

ಮೇಸ್ತ್ರಿ ತಾನು ತುಂಬಿದ ತೋಟಾ ಹಿಡಿದು ತಾನೇ ಮೈದಾನಕ್ಕೆ ಬಂದಿದ್ದ. ಗಾಳಿಯಿಲ್ಲ, ಒಳ್ಳೆಯ ಬಿಸಿಲು. ಮೊದಲ ಗುಂಡು ಹಾರಿಸಿದೆ. ಸದ್ದು ಬೇರೆ, ಒಣ ಕೊಂಬೆ ಮುರಿದ ಹಾಗೆ. ಭುಜಕ್ಕೆ ಒದ್ದದ್ದೂ ಬೇರೆ ರೀತಿ. ಆದರೆ ಗುರಿಹಲಗೆಯ ಮುಂದೆ ಅದೇ ಹೊಗೆ. ಸ್ವಲ್ಪ ಕಾದೆ. ಕದಲಲಿಲ್ಲ. ಎರಡನೆಯದು ಹಾರಿಸಿದೆ. ಮೂರನೆಯದು. ಗುರಿ ಹಿಡಿಯಲು ನಳಿಗೆಯ ತುದಿಯಲ್ಲಿರುವ ಮಣಿ ಹತ್ತಿಯಲ್ಲಿ ಸುತ್ತಿದ ಹಾಗೆ.

ನನಗೆ ತಡೆಯಲಿಲ್ಲ. ತಿರುಗಿ ಮೇಸ್ತ್ರಿಯನ್ನು ಹಿಡಿದೆ. "ಏನಯ್ಯ ಇದು? ಹೊಗೆಯಿಲ್ಲದ ಮದ್ದು ಅಂತ ಕರಿಮದ್ದನ್ನೇ ತುಂಬಿದ್ದೀಯಾ? ಇಷ್ಟೊಂದು ಹೊಗೆ!"

ಮೇಸ್ತ್ರಿ ಭಾಮೈದನನ್ನು ನೋಡಿದ. ಭಾಮೈದ ಗುರಿಹಲಗೆಯನ್ನು ನೋಡಿದ. ಭಾಮೈದನಿಗೆ ನನ್ನನ್ನು ಆಡಿಕೊಳ್ಳಲು ಇಷ್ಟು ಚೆಂದದ ಅವಕಾಶ ಮೂವತ್ತು ವರ್ಷದಲ್ಲಿ ಸಿಕ್ಕಿರಲಿಲ್ಲ. ಆದರೂ ಅವನು ಹಲ್ಲು ಕಿರಿಯಲಿಲ್ಲ.

"ಹೊಗೆ ಇಲ್ಲ ಭಾವ," ಎಂದ ಮೆಲ್ಲಗೆ.

ಕೋವಿಯ ಮಣಿ ಓರೆಯಾಗಿರಬೇಕು ಎಂದು ವಾದಿಸುತ್ತಾ ಉಳಿದ ಏಳನ್ನೂ ಹಾರಿಸಿ ಮುಗಿಸಿದೆ. ಹಾಗಿದ್ದರೆ ಮುಂದಿನ ಭಾನುವಾರ ನಾನೇ ಹಾರಿಸಿ ನೋಡುತ್ತೇನೆ, ಓರೆಯಿದ್ದರೆ ಗೊತ್ತಾಗುತ್ತದೆ ಎಂದು ಅವನು ಹೇಳಿದ. ಒಪ್ಪಿದೆ. ಮನೆಗೆ ಬಂದು ನಳಿಗೆ ತೊಳೆಯಲು ಹೋದರೆ, ತೊಳೆಯಲು ಏನೂ ಇರಲಿಲ್ಲ.

ಫೆಬ್ರವರಿ 25, ಮಂಗಳವಾರ

ಪತ್ರಿಕೆಯವರು ಕಾಗದ ಬದಲಾಯಿಸಿದ್ದಾರೆ. ಅಕ್ಷರದ ಸುತ್ತ ನೀರು ಇಳಿದಂತಿದೆ. ಓದಲಿಲ್ಲ.

ಮಾರ್ಚ್ 1, ಶನಿವಾರ

ನಾಳೆ ಭಾಮೈದ ಹಾರಿಸಲಿರುವ ತೋಟಾಗಳನ್ನು ಇವತ್ತು ಮಧ್ಯಾಹ್ನ ನಾನೇ ತುಂಬಿದೆ. ಕಿಟಕಿಯ ಪಕ್ಕದ ಮೇಜು, ಮದ್ದಿನ ಡಬ್ಬಿ ಒಂದೇ, ಸಣ್ಣ ಅಳತೆಯ ಚಮಚ, ಮರದ ಹಲಗೆಯ ಕುಳಿಗಳಲ್ಲಿ ಎರಡು ಸಾಲಾಗಿ ಹತ್ತು ಹಿತ್ತಾಳೆ ತೋಟಾ. ಮೇಸ್ತ್ರಿ ಬರೆದುಕೊಟ್ಟ ಚೀಟಿ ಕಾಗೆ ಕಾಲು, ಗುಬ್ಬಿ ಕಾಲು. ಎಷ್ಟು ಹತ್ತಿರ ಹಿಡಿದರೂ ಬಿಡಿಸಲಾಗಲಿಲ್ಲ. ಇವಳನ್ನು ಕೂಗಿದೆ.

ಇವಳು ಬಂದು ಎದುರು ಕೂತು ಚೀಟಿ ಹಿಡಿದಳು. "ಒಂದು ತೋಟಾಕ್ಕೆ ಒಂದೇ ಚಮಚ ಅಲ್ಪವಿರಾಮ ತಲೆ ಸಮ ಮಾಡಿ ಪೂರ್ಣವಿರಾಮ ಎಲ್ಲ ತುಂಬಿದ ಮೇಲೆ ಒಳಗೆ ನೋಡಿ ಪೂರ್ಣವಿರಾಮ."

ಎಷ್ಟು ವರ್ಷವಾಗಿತ್ತು ಆ ಧ್ವನಿ ಕೇಳಿ! ಮುದ್ರಣಾಲಯದಲ್ಲಿ ಇವಳು ಮೂಲಪ್ರತಿ ಓದುವವಳು, ನಾನು ಅಚ್ಚಾದ ಕರಡಿನ ಮೇಲೆ ಕಣ್ಣಾಡಿಸುವವನು. ಅಲ್ಪವಿರಾಮವನ್ನೂ ಬಾಯಿಬಿಟ್ಟೇ ಓದಬೇಕು, ಅದೇ ಪದ್ಧತಿ. ಮೂರು ವರ್ಷ ಹೀಗೆ ಎದುರುಬದುರು ಕೂತು ಓದಿ, ಒಂದು ದಿನ ಒಂದು ಪುಟದ ಕೊನೆಗೆ ಇವಳು "ಮದುವೆ ಯಾವಾಗ ಪ್ರಶ್ನಾರ್ಥಕ ಚಿಹ್ನೆ" ಎಂದು ಓದಿದ್ದಳು. ಮೂಲಪ್ರತಿಯಲ್ಲಿ ಆ ವಾಕ್ಯ ಇರಲಿಲ್ಲ.

ಆ ಗುಂಗಿನಲ್ಲೇ ತುಂಬಿದೆ. ನಡುವೆ ಒಂದು ಸಲ ಫೋನು ಬಂತು, ಎದ್ದು ಹೋಗಿ ಬಂದು ಮುಂದುವರಿಸಿದೆ. ಹತ್ತೂ ಆಯಿತು. ಒಳಗೆ ಇಣುಕಿದೆ, ಎಲ್ಲವೂ ಒಂದೇ ಥರ ಕತ್ತಲೆ. ಸರಿಯಿದೆ ಎಂದೆ. ಇವಳು ಸುಮ್ಮನೆ ಏಳುವವಳಲ್ಲ. ಟಾರ್ಚು ತಂದು ಒಂದೊಂದರೊಳಗೂ ಬಿಟ್ಟು ಓದತೊಡಗಿದಳು, ಅದೇ ಧ್ವನಿಯಲ್ಲಿ: "ಮೊದಲ ಸಾಲು. ಕೆಳಗೆ. ಕೆಳಗೆ. ಕೆಳಗೆ. ಕೆಳಗೆ. ಕೆಳಗೆ. ಎರಡನೇ ಸಾಲು. ಮೇಲೆ."

"ಸರಿಯಾಗಿ ಓದು."

"ಸರಿಯಾಗೇ ಓದ್ತಿದ್ದೀನಿ. ಇದರಲ್ಲಿ ಮದ್ದು ಮೇಲಿದೆ ರೀ. ಉಳಿದವಕ್ಕಿಂತ ಎರಡರಷ್ಟು."

ಫೋನಿಗೆ ಎದ್ದು ಹೋಗುವ ಮುಂಚೆ ಅದಕ್ಕೊಂದು ಚಮಚ, ಬಂದ ಮೇಲೆ ಅದಕ್ಕೇ ಇನ್ನೊಂದು.

ಒಂದೇ ಪದ ಎರಡು ಸಲ ಅಚ್ಚಾದರೆ ಹಿಡಿಯುವುದರಲ್ಲಿ ನನ್ನನ್ನು ಮೀರಿಸಿದವರು ಇರಲಿಲ್ಲ. ಬೇರೆಯವರು ಮೂರು ಸಲ ಓದಿ ಬಿಟ್ಟ ಪುಟದಲ್ಲೂ ಹಿಡಿದಿದ್ದೇನೆ. ಇವತ್ತು ಆ ತೋಟಾವನ್ನು ಕೈಗೆ ತೆಗೆದುಕೊಂಡು, ಟಾರ್ಚು ಬಿಟ್ಟು, ಕಿಟಕಿಗೆ ಹಿಡಿದು ನೋಡಿದೆ. ನನಗೆ ಏನೂ ಕಾಣಲಿಲ್ಲ.

ಅದು ನಾಳೆ ಭಾಮೈದನ ಕೆನ್ನೆಯ ಪಕ್ಕದಲ್ಲಿ ಸಿಡಿಯುವುದಿತ್ತು. ಹೆದರಿಕೆಯೆಂದರೆ ಏನೆಂದು ಈ ವಯಸ್ಸಿನಲ್ಲಿ ಗೊತ್ತಾಯಿತು. ಇವಳು ಹತ್ತನ್ನೂ ಡಬ್ಬಿಗೆ ಸುರಿದು ಮುಚ್ಚಳ ಬಿಗಿದಳು, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಾರ್ಚ್ 2, ಭಾನುವಾರ

ಬೆಳಿಗ್ಗೆಯೇ ಭಾಮೈದನ ಮನೆಗೆ ಹೋಗಿ ಎಲ್ಲ ಹೇಳಿದೆ. ಎರಡು ಚಮಚ ಬಿದ್ದದ್ದು, ನನಗೆ ಕಾಣದೇ ಹೋದದ್ದು, ಹೊಗೆ ಕೋವಿಯದಲ್ಲ ಎಂಬುದು. ಅವನು ಚಪ್ಪಲಿ ಹಾಕಿಕೊಳ್ಳುತ್ತಿದ್ದವನು ಒಂದೇ ಚಪ್ಪಲಿಯಲ್ಲಿ ಕೂತುಬಿಟ್ಟ. "ಭಾವ, ನನ್ನ ಮೇಲೆ ಇಷ್ಟೊಂದು ಸಿಟ್ಟಿದೆ ಅಂತ ಗೊತ್ತೇ ಇರಲಿಲ್ಲ," ಎಂದ.

ನಾನು ನಗಲು ಹೋಗಿ ಅತ್ತುಬಿಟ್ಟೆ. ಅವನು ಎದ್ದು ಬಂದು ನನ್ನ ಭುಜ ಹಿಡಿದುಕೊಂಡ, ಅದೇ ಒಂದು ಚಪ್ಪಲಿಯಲ್ಲಿ. ಅವನು ಇಷ್ಟು ಎತ್ತರ ಎಂದು ಗಮನಿಸಿರಲಿಲ್ಲ.

ಮಾರ್ಚ್ 5, ಬುಧವಾರ

ಕಣ್ಣಾಸ್ಪತ್ರೆ. ಕರೆದುಕೊಂಡು ಹೋದದ್ದು ನರ್ಸಮ್ಮ, ಜೊತೆಗೆ ಇವಳು. ಒಂದು ಕಣ್ಣಿಗೆ ಇಬ್ಬರು ಕಾವಲು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಎಷ್ಟು ದಿನದಿಂದ ಮಂಜು ಎಂದು ಕೇಳಿದರು. ಮಂಜಲ್ಲ, ಹೊಗೆ ಎಂದೆ. ಸಿಗರೇಟು ಸೇದ್ತೀರಾ ಎಂದರು. ಇಲ್ಲಮ್ಮ, ಕೋವಿ ಎಂದೆ. ಗೋಡೆಯ ಮೇಲಿನ ಅಕ್ಷರ ಓದಿಸಿದರು. ಎರಡು ಸಾಲು ಓದಿ, ಮೂರನೆಯದರಲ್ಲಿ ಶಾಯಿ ಹರಡಿದೆ, ಇದನ್ನು ಅಚ್ಚು ಹಾಕಿದವರು ಯಾರು ಎಂದು ಕೇಳಿದೆ.

"ಶಾಯಿ ಅಲ್ಲಿ ಹರಡಿಲ್ಲ ತಾತ, ನಿಮ್ಮ ಕಣ್ಣಲ್ಲಿ ಹರಡಿದೆ. ಪೊರೆ ಬಂದಿದೆ. ಎಡಗಣ್ಣಿಗೂ ಶುರುವಾಗಿದೆ, ಬಲಗಣ್ಣಿಗೆ ಎರಡು ವರ್ಷವೇ ಆಗಿರಬೇಕು."

ಎರಡು ವರ್ಷ! ಅಷ್ಟು ದಿನದಿಂದ ನಾನು ಅಂಗಡಿಯವನನ್ನು, ಪತ್ರಿಕೆಯವರನ್ನು, ಕಾರ್ಯದರ್ಶಿಯನ್ನು, ಮೇಸ್ತ್ರಿಯನ್ನು ತಿದ್ದುತ್ತಾ ಬಂದಿದ್ದೇನೆ.

ಹನ್ನೆರಡನೇ ತಾರೀಖಿಗೆ ಶಸ್ತ್ರಚಿಕಿತ್ಸೆ. ಚಿಕ್ಕದೇ, ಹೆದರಬೇಡಿ ಎಂದರು. ಭುಜಕ್ಕೆ ಒದೆ ತಿನ್ನುವ ಕೆಲಸ ಮಾತ್ರ ತಾನು ಹೇಳುವ ತನಕ ಬೇಡವಂತೆ. ಅಂದರೆ ಸ್ಪರ್ಧೆ ಇಲ್ಲ.

ಮಾರ್ಚ್ 7, ಶುಕ್ರವಾರ

ಸ್ಪರ್ಧೆಯಿಂದ ಹಿಂದೆ ಸರಿಯುವವರಿಗೂ ಒಂದು ನಮೂನೆಯಿದೆ. ಕಾರಣ ಎಂಬಲ್ಲಿ "ವೈಯಕ್ತಿಕ" ಎಂದು ಬರೆದೆ. ಒತ್ತಕ್ಷರ ಸರಿಯಾಗಿ ಬಂದಿದೆಯೇ ಎಂದು ಇವಳನ್ನು ಕೇಳಿದೆ. "ಬಂದಿದೆ. ಆದ್ರೆ ಮೂಲಪ್ರತಿಯಲ್ಲಿ ಬೇರೆ ಇದೆ," ಎಂದಳು. ಹೊಡೆದುಹಾಕಿ ಬರೆದೆ: ಕಣ್ಣು ಕಾಣುತ್ತಿಲ್ಲ.

ಆಮೇಲೆ ಕೋವಿಯನ್ನು ಎಣ್ಣೆ ಬಟ್ಟೆಯಲ್ಲಿ ಒರೆಸಿ ಇಟ್ಟು ಭಾಮೈದನನ್ನು ಕರೆಸಿದೆ. ಮಾವನವರ ಮಾತು ಮಾತೇ. ಗುರಿ ಕಾಣದ ದಿನ ಬಂದಿದೆ, ಕಾಗದಪತ್ರ ಆಮೇಲೆ ಮಾಡಿಸೋಣ, ಈ ಸಲ ಕ್ಲಬ್ಬಿನ ಒಪ್ಪಿಗೆ ಪಡೆದು ನೀನೇ ಇದನ್ನು ಹಾರಿಸು ಎಂದೆ. ಅವನು ಕೋವಿ ತೆಗೆದುಕೊಂಡು ಹಿಡಿಕೆಯ ಮೇಲೆ ಅಪ್ಪನ ಹೆಬ್ಬೆರಳು ಸವೆಸಿದ ಜಾಗದಲ್ಲಿ ತನ್ನ ಹೆಬ್ಬೆರಳಿಟ್ಟ. ಅಲ್ಲಿಗೆ ನನ್ನದೂ ಸೇರಿ ಸವೆದಿದೆ. ಇಬ್ಬರೂ ಟೀ ಕುಡಿದೆವು. ಅವನು ಹೋದ ಮೇಲೆ ಗೋಡೆಯ ಮೊಳೆ ಬರಿದಾಗಿತ್ತು. ನನಗೆ ತುಂಬಾ ಬೇಸರವಾಯಿತು, ಸುಳ್ಳು ಹೇಳಿ ಏನು ಪ್ರಯೋಜನ.

ಮಾರ್ಚ್ 12, ಬುಧವಾರ

ಆಯಿತು. ಕಣ್ಣಿಗೆ ಪಟ್ಟಿ. ಬರೆಯಬಾರದಂತೆ. ಬರೆದೆ.

ಮಾರ್ಚ್ 13, ಗುರುವಾರ

ಪಟ್ಟಿ ಬಿಚ್ಚಿದರು. ಈ ನೋಟುಪುಸ್ತಕದಲ್ಲಿ ಗೆರೆಗಳಿವೆ! ದಟ್ಟ ನೀಲಿ, ಒಂದೂ ಮಾಸಿಲ್ಲ. ನನ್ನ ಬರಹ ಅವನ್ನು ಲೆಕ್ಕಿಸದೆ ಗುಡ್ಡ ಹತ್ತಿ ಇಳಿದಿದೆ. ಅಂಗಡಿಯವನ ಕ್ಷಮೆ ಕೇಳಬೇಕು.

ಇವಳ ಬೂದು ಶಾಲು ಬೂದಲ್ಲ, ತಿಳಿನೀಲಿ. "ಎರಡು ವರ್ಷದಿಂದ ಬೂದು ಶಾಲು ಎಲ್ಲಿ, ಬೂದು ಶಾಲು ಎಲ್ಲಿ ಅಂತ ಕೇಳ್ತಿದ್ರಲ್ಲ, ನಾನೂ ಹುಡುಕ್ತಿದ್ದೆ," ಎಂದಳು.

ದಿನಕ್ಕೆ ನಾಲ್ಕು ಸಲ ಕಣ್ಣಿಗೆ ಮದ್ದು ಬಿಡಬೇಕು. ನರ್ಸಮ್ಮ ಬಂದು, ಈ ಮದ್ದನ್ನಾದರೂ ಡಾಕ್ಟರು ಹೇಳಿದ್ದಾರೆ ತಾನೇ ಎಂದು ಖಚಿತ ಮಾಡಿಕೊಂಡು ಹೋದರು.

ಮಾರ್ಚ್ 23, ಭಾನುವಾರ

ಸ್ಪರ್ಧೆಗೆ ಕಪ್ಪು ಕನ್ನಡಕ ಹಾಕಿಕೊಂಡು ಹೋದೆ. ಫಲಕದ ಮುಂದೆ ನಿಂತೆ. "ಮದ್ದಿನ ಹೆಸರನ್ನು" ಎಂದು ದುಂಡಗೆ, ನಿರ್ದೋಷವಾಗಿ ಅಚ್ಚಾಗಿದೆ. ಅದರ ಎದೆಗೆ ನನ್ನ ಕೆಂಪು ಗೀಟು. ಕಾರ್ಯದರ್ಶಿಯ ಮುಂದೆ ಹೋಗಿ ಆ ತಲೆಹರಟೆ ನಾನೇ ಎಂದೆ. "ಗೊತ್ತು," ಎಂದರು. "ಅಂಚಿನಲ್ಲಿ ಅಷ್ಟು ಶಾಸ್ತ್ರೋಕ್ತವಾಗಿ ಗುರುತು ಹಾಕೋರು ಇನ್ಯಾರಿದ್ದಾರೆ ಗುಂಡು ಅವರೇ?" ಹೆಸರು ಕ್ಲಬ್ಬಿನ ತುಂಬ ಹಬ್ಬಿದೆ. ಇನ್ನು ಅದು ಹೋಗುವುದಿಲ್ಲ.

ಭಾಮೈದ ಮಾವನವರ ಕೋವಿಗೆ ಹಾಕಿದ್ದು ಏನು? ಕರಿಮದ್ದು! ಅಪ್ಪನ ಕೋವಿಗೆ ಅಪ್ಪನ ಮದ್ದೇ ಸರಿ ಎಂದನಂತೆ. ಐದು ಗುಂಡು ಮುಗಿಯುವಷ್ಟರಲ್ಲಿ ಮೂಗು, ಮೀಸೆ, ಬಿಳಿ ಅಂಗಿ ಎಲ್ಲ ಕಪ್ಪು. ಮೂವತ್ತೆಂಟು ಅಂಕ, ಮೂರನೇ ಸ್ಥಾನ. ನಾನು ಎದ್ದು ಚಪ್ಪಾಳೆ ತಟ್ಟಿದೆ, ಕೈ ಕೆಂಪಾಗುವ ತನಕ.

ಮಜಾ ಆಮೇಲೆ. ನಮ್ಮ ಹಿತ್ತಲಲ್ಲಿ ಸೋಪಿನ ಬಿಸಿನೀರು ಹಿಡಿದು ನಳಿಗೆ ತೊಳೆಯಲು ಕೂತ. ನಾಲ್ಕು ಸಲ ನೀರು ಬದಲಾಯಿಸಿದರೂ ಬಟ್ಟೆ ಕಪ್ಪಾಗಿಯೇ ಬರುತ್ತಿತ್ತು. "ಅಕ್ಕ, ಇದು ಮುಗಿಯೋದೇ ಇಲ್ವಾ?" ಎಂದು ಕೂಗಿದ. ಏಳನೇ ಸಲಕ್ಕೆ ಮುಗಿಯುತ್ತದೆ ಎಂದು ಇವಳು ಒಳಗಿನಿಂದ ಹೇಳಿದಳು. ನನ್ನ ಲೆಕ್ಕ ಇವಳಿಗೆ ಹೇಗೆ ಗೊತ್ತೋ.

ತೊಳೆದು ಎಣ್ಣೆ ಹಚ್ಚಿ, ಕೋವಿಯನ್ನು ಒಳಗೆ ತಂದು ಅದೇ ಮೊಳೆಗೆ ತೂಗುಹಾಕಿದ. ಮಾವನವರ ಮಾತು ಏನಾಯಿತೋ ಎಂದೆ.

"ಗುರಿ ಕಾಣದ ದಿನ ಕೊಡಿ ಅಂದ್ರು. ಕೊಟ್ರಿ. ಆ ದಿನ ಮುಗೀತಲ್ಲ ಭಾವ."

ಏಪ್ರಿಲ್ 19, ಶನಿವಾರ

ಭಾಮೈದನಿಗೂ ಮೇಸ್ತ್ರಿಗೂ ನನ್ನ ತೀರ್ಮಾನ ಹೇಳಿದೆ: ಕರಿಮದ್ದು. ಹೊಗೆಯಿಲ್ಲದ್ದು ಕೆಟ್ಟದ್ದಲ್ಲ. ಭಾಮೈದ ಅದನ್ನೇ ಹಾಕಲಿ, ಅವನ ಕಣ್ಣು ನೆಟ್ಟಗಿದೆ. ನನ್ನ ಎಡಗಣ್ಣಿಗೂ ಒಂದು ದಿನ ಕಷ್ಟ ಬರುತ್ತದೆ. ಒಂದೇ ಪದ ಎರಡು ಸಲ ಬಿದ್ದರೆ ಚೆಲ್ಲಿ ತೋರಿಸುವ ಮದ್ದು ನನಗಿರಲಿ. ಹೊಗೆಗೆ ಬೇಕಾದರೆ ಕಾಯುತ್ತೇನೆ.

"ಅಂಗಿ ಒಗೆಯೋರು ಯಾರಂತೆ?" ಎಂದಳು ಇವಳು. ನಾನೇ ಎಂದೆ. ಮೇಸ್ತ್ರಿ ಅದನ್ನು ಬರೆದುಕೊಡಿ ಎಂದು ಚೀಟಿ ಮುಂದಿಟ್ಟ.

ಮೇ 4, ಭಾನುವಾರ

ಡಾಕ್ಟರಮ್ಮ ಮೊನ್ನೆ ಒಪ್ಪಿಗೆ ಕೊಟ್ಟರು. ನಿನ್ನೆ ಮಧ್ಯಾಹ್ನ ನಾವು ತೋಟಾ ತುಂಬಿದೆವು, ಇವಳು ಓದುತ್ತಾ, ನಾನು ಹಾಕುತ್ತಾ. ಇವತ್ತು ಬೆಳಿಗ್ಗೆ ಭಾಮೈದನೂ ಸೇರಿ ಮೂವರೂ ಮೈದಾನಕ್ಕೆ ಹೋದೆವು. ಸ್ಪರ್ಧೆಯಿಲ್ಲ, ಜನವಿಲ್ಲ, ಅಂಕ ಬರೆಯುವ ಪುಸ್ತಕದೊಂದಿಗೆ ಕಾರ್ಯದರ್ಶಿ ಒಬ್ಬರೇ ಮರದ ನೆರಳಲ್ಲಿ ಕೂತಿದ್ದರು.

ಮೊದಲ ಗುಂಡು. ಭುಜವನ್ನು ತಳ್ಳಿತು, ಒದೆಯಲಿಲ್ಲ. ಮುಂದೆ ಬೆಳ್ಳಗೆ ದೊಡ್ಡ ಹೊಗೆ ಎದ್ದಿತು. ಗುರಿಹಲಗೆ ಕಾಣೆಯಾಯಿತು. ಕೋವಿ ಇಳಿಸದೆ ಹಾಗೇ ನಿಂತೆ.

ಹೊಗೆ ಬಲಕ್ಕೆ ಜರುಗಿತು, ತೆಳುವಾಯಿತು, ಹೋಯಿತು. ಹಲಗೆ, ಅದರ ಮೇಲಿನ ಕಪ್ಪು ವೃತ್ತ, ವೃತ್ತದ ಸುತ್ತ ಕೂದಲೆಳೆಯಂಥ ಗೆರೆಗಳು, ಹಲಗೆಯ ನಾಲ್ಕು ಮೂಲೆಯ ಮೊಳೆಗಳು. ಬೇಗ ಬೇಗ ಎರಡನೆಯದು ಹಾಕಿದೆ, ಮತ್ತೆ ಹೊಗೆ, ಮತ್ತೆ ಕಾದೆ, ಮತ್ತೆ ಹೋಯಿತು. ಐದೂ ಹಾಗೆಯೇ.

ದುರ್ಬೀನಿಗೆ ಕಣ್ಣಿಟ್ಟಿದ್ದ ಭಾಮೈದ ತಲೆಯೆತ್ತದೆ ತಡವರಿಸಿದ. "ಭಾವ... ಬಹಳ ದಿನ ಆಗಿತ್ತಲ್ಲ... ಅದೂ... ಹಲಗೆಗೆ ಮಾತ್ರ..."

"ಒಂದೂ ಬಿದ್ದಿಲ್ಲ ಕಣೋ!" ಎಂದು ಕೂಗಿದೆ. "ಐದೂ ಎಡಕ್ಕೆ ಹೋಗಿವೆ, ಹಿಂದಿನ ಮಣ್ಣಿನ ದಿಬ್ಬಕ್ಕೆ. ಮೂರು ಒಟ್ಟಿಗೆ ಇವೆ, ಎರಡು ಸ್ವಲ್ಪ ಮೇಲೆ. ಹಸಿ ಮಣ್ಣು ಇಲ್ಲಿಗೇ ಕಾಣ್ತಿದೆ!"

ಅವನು ದುರ್ಬೀನು ತಿರುಗಿಸಿ ದಿಬ್ಬ ನೋಡಿದ. ಮೂರು ಒಟ್ಟಿಗೆ, ಎರಡು ಮೇಲೆ. ಆಮೇಲೆ ಅವನೂ ಕೂಗಿದ, ಇವಳೂ ಕೂಗಿದಳು. ಮೂವರೂ ಹೀಗೆ ಕುಣಿಯುವುದನ್ನು ನೋಡಿ ಕಾರ್ಯದರ್ಶಿ ಐವತ್ತಕ್ಕೆ ಐವತ್ತೇ ಬಂದಿರಬೇಕೆಂದು ಪುಸ್ತಕ ಹಿಡಿದು ಓಡಿಬಂದರು.

ಪುಸ್ತಕ ಇಸಿದುಕೊಂಡು ನಾನೇ ಬರೆದೆ: ಸೊನ್ನೆ. ಹಲಗೆಯ ಹತ್ತಿರ ಹೋಗಿ ಪರೀಕ್ಷಿಸಿ ಬರುತ್ತೇನೆ, ಅದೇ ನಿಯಮ ಎಂದು ಅವರು ಹೊರಟರು.

ಏನೂ ಬೇಡ, ನಾನೇ ನೋಡಿದ್ದೇನೆ ಎಂದೆ.